ಬೂಸ್ಟ್ ಏರಿಸಿದರೆ ಗಟ್ಟಿ ಸ್ಪ್ರಿಂಗೇ ಬೇಕೆಂದಿಲ್ಲ

ಟರ್ಬೋ ಕಾರನ್ನು ಟ್ಯೂನ್ ಮಾಡಿಸಿ ಬೂಸ್ಟ್ (ಟರ್ಬೋ ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡ) 0.8 ಬಾರ್‌ನಿಂದ 1.2 ಬಾರ್‌ಗೆ ಹೋದ ಕೂಡಲೇ ಡೈವರ್ಟರ್ ವಾಲ್ವಿಗೆ (ಆಕ್ಸಿಲರೇಟರ್ ಬಿಟ್ಟಾಗ ಪೈಪಿನಲ್ಲಿ ಉಳಿದ ಗಾಳಿಗೆ ಬೇರೆ ದಾರಿ ಕೊಡುವ ವಾಲ್ವ್) ಇನ್ನೂ ಗಟ್ಟಿ ಸ್ಪ್ರಿಂಗ್ ತುರುಕುವವರೇ ಹೆಚ್ಚು. ಸ್ಪ್ರಿಂಗ್ ಮಾರುವವರು ‘ಇಷ್ಟು ಬೂಸ್ಟಿಗೆ ಈ ಬಣ್ಣ’ ಎಂದು ಪಟ್ಟಿ ಕೊಡುವುದರಿಂದ ಹಾಗನ್ನಿಸುವುದು ಸಹಜ. ಆದರೆ ವಾಲ್ವನ್ನು ಮುಚ್ಚಿ ಹಿಡಿಯುವುದು ಸ್ಪ್ರಿಂಗ್ ಒಂದೇ ಅಲ್ಲ. ಚಾರ್ಜ್ ಪೈಪಿನ (ಟರ್ಬೋದಿಂದ ಥ್ರಾಟಲ್‌ವರೆಗಿನ ಪೈಪ್) ಒತ್ತಡ ವಾಲ್ವಿನೊಳಗಿನ ಪಿಸ್ಟನ್ನನ್ನು ಕೆಳಗಿನಿಂದ ತಳ್ಳುವಾಗ, ಸಣ್ಣ ಹೋಸಿನಲ್ಲಿ ಬಂದ ಮ್ಯಾನಿಫೋಲ್ಡ್ (ಥ್ರಾಟಲ್ ದಾಟಿದ ಮೇಲಿನ ಭಾಗ) ಒತ್ತಡ ಮೇಲಿನಿಂದ ಅದುಮುತ್ತಿರುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಉಳಿದ ವ್ಯತ್ಯಾಸವನ್ನಷ್ಟೇ ಸ್ಪ್ರಿಂಗ್ ತಡೆಯಬೇಕು. ವಾಲ್ವ್, ಗಾಳಿ ತಣಿಸುವ ಇಂಟರ್‌ಕೂಲರ್‌ಗಿಂತ ಮೊದಲೇ ಕೂತಿದ್ದರೆ, ಇಂಟರ್‌ಕೂಲರ್‌ನಲ್ಲಿ ಕಳೆದುಹೋಗುವ ಒತ್ತಡವೂ ಈ ವ್ಯತ್ಯಾಸಕ್ಕೆ ಸೇರುತ್ತದೆ.

ಲೆಕ್ಕ ಹಾಕೋಣ. 30 ಮಿಮೀ ವ್ಯಾಸದ ಪಿಸ್ಟನ್ ಮೇಲೆ 1 ಬಾರ್ ಎಂದರೆ ಸುಮಾರು 70 ನ್ಯೂಟನ್. (ಪಿಸ್ಟನ್ ಕೂತು ಮುಚ್ಚುವ ಸೀಟಿನ ವ್ಯಾಸ ಬೇರೆಯಿದ್ದರೆ ಅಂಕಿ ಬದಲಾಗುತ್ತದೆ, ತರ್ಕ ಬದಲಾಗುವುದಿಲ್ಲ.) ಪೂರ್ತಿ ಬೂಸ್ಟಿನಲ್ಲಿ ವ್ಯತ್ಯಾಸ 0.2 ಬಾರ್ ಇದ್ದರೆ ತಡೆಯಬೇಕಾದ್ದು 14 ನ್ಯೂಟನ್. 1.2 ಬಾರ್‌ನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ, ಮ್ಯಾನಿಫೋಲ್ಡಿನ 0.65 ಬಾರ್ ವ್ಯಾಕ್ಯೂಮ್ ಸೇರಿ 130 ನ್ಯೂಟನ್. ಯಾವ ಸ್ಪ್ರಿಂಗಾದರೂ ತೆರೆದುಕೊಳ್ಳುತ್ತದೆ. ಕಷ್ಟ ಇರುವುದು ಅರ್ಧಂಬರ್ಧ ಕಾಲೆತ್ತಿದಾಗ: ಪೈಪಿನಲ್ಲಿ 0.4 ಬಾರ್, ಮ್ಯಾನಿಫೋಲ್ಡಿನಲ್ಲಿ 0.1 ಬಾರ್ ವ್ಯಾಕ್ಯೂಮ್, ಒಟ್ಟು 35 ನ್ಯೂಟನ್. ಇಲ್ಲಿ 60 ನ್ಯೂಟನ್ ಸ್ಪ್ರಿಂಗ್ ಅಲ್ಲಾಡುವುದೇ ಇಲ್ಲ. ಗಾಳಿ ಕಂಪ್ರೆಸರ್ ಚಕ್ರದ ಮೂಲಕ ವಾಪಸ್ ನುಗ್ಗಿ ‘ಸ್ತು-ತು-ತು’ ಎನ್ನುತ್ತದೆ. ಕೆಲವರಿಗೆ ಆ ಸದ್ದು ಇಷ್ಟ. ಟರ್ಬೋದ ಥ್ರಸ್ಟ್ ಬೇರಿಂಗಿಗೆ ಇಷ್ಟವಿಲ್ಲ. ಹಾಗಾಗಿ ಈ ವಾಲ್ವಿಗೆ 20ರಿಂದ 30 ನ್ಯೂಟನ್ ಪ್ರಿಲೋಡ್ (ವಾಲ್ವ್ ಮುಚ್ಚಿದ್ದಾಗಲೇ ಸ್ಪ್ರಿಂಗ್ ಒತ್ತುವ ಬಲ) ಸಾಕು. ಸೋರದೆ ಹಿಡಿಯುವ ಸ್ಪ್ರಿಂಗ್‌ಗಳಲ್ಲಿ ಅತಿ ಮೃದುವಾದದ್ದೇ ಸರಿಯಾದದ್ದು.

ಐಡಲ್‌ನಲ್ಲಿ 0.65 ಬಾರ್ ವ್ಯಾಕ್ಯೂಮ್ 45 ನ್ಯೂಟನ್ನಿನಷ್ಟು ಎಳೆಯುವುದರಿಂದ ಇಂಥ ಸ್ಪ್ರಿಂಗ್ ತೆರೆದೇ ಇರುತ್ತದೆ. ಗಾಳಿಯನ್ನು ಇನ್‌ಟೇಕಿಗೇ ಮರಳಿಸುವ ವಾಲ್ವಿನಲ್ಲಿ ಅದರಿಂದ ತೊಂದರೆಯಿಲ್ಲ. ಹೊರಕ್ಕೆ ಬಿಡುವ ವಾಲ್ವಾದರೆ, ಏರ್‌ಫ್ಲೋ ಸೆನ್ಸರ್ ಅಳೆಯದ ಗಾಳಿ ಒಳನುಗ್ಗಿ ಐಡಲ್ ಕೆಡುತ್ತದೆ. ಅದನ್ನು ಮುಚ್ಚಿಡಲು ಗಟ್ಟಿ ಸ್ಪ್ರಿಂಗ್ ಹಾಕಿದರೆ ಮತ್ತೆ ಅದೇ ಸ್ತು-ತು-ತು. ಸೆನ್ಸರ್ ಇರುವ ಕಾರಿಗೆ ಮರಳಿಸುವ ವಾಲ್ವೇ ವಾಸಿ.

ಬಣ್ಣ ನಂಬಬೇಡಿ, ಒಂದು ಕಂಪನಿಯ ಹಸಿರು ಇನ್ನೊಂದರ ಹಸಿರಲ್ಲ. ವಾಲ್ವ್ ಮುಚ್ಚಿದಾಗ ಸ್ಪ್ರಿಂಗ್ ಎಷ್ಟು ಉದ್ದ ಇರುತ್ತದೆಂದು ಅಳೆದುಕೊಂಡು, ಡಿಜಿಟಲ್ ತೂಕದ ಯಂತ್ರದ ಮೇಲಿಟ್ಟು ಅಷ್ಟೇ ಉದ್ದಕ್ಕೆ ಅದುಮಿ. 2.5 ಕೆಜಿ ತೋರಿಸಿದರೆ ಸುಮಾರು 25 ನ್ಯೂಟನ್. ಒಂದು ಮಿಮೀಗೆ 3 ನ್ಯೂಟನ್ ಏರುವ ಸ್ಪ್ರಿಂಗಿಗೆ 1 ಮಿಮೀ ಶಿಮ್ (ತೆಳು ಬಿಲ್ಲೆ) ಹಾಕಿದರೆ ಇನ್ನೊಂದು 3 ನ್ಯೂಟನ್ ಸೇರುತ್ತದೆ. ಶಿಮ್ ಹಾಕಿದ ಮೇಲೆ ಪಿಸ್ಟನ್ನನ್ನು ಬೆರಳಲ್ಲಿ ಪೂರ್ತಿ ತಳ್ಳಿ ನೋಡಿ. ಸುರುಳಿಗಳು ಒಂದಕ್ಕೊಂದು ತಾಗಿ ನಿಂತರೆ ವಾಲ್ವ್ ಪೂರ್ತಿ ತೆರೆಯುವುದಿಲ್ಲ.

ಸೋರಿಕೆ ಪರೀಕ್ಷೆಯಲ್ಲಿ ಹಲವರು ಮೋಸಹೋಗುತ್ತಾರೆ. ಕೆಳಗಿನ ಪೋರ್ಟಿಗೆ ಮಾತ್ರ ಗಾಳಿ ಕೊಟ್ಟರೆ ಒಳ್ಳೆಯ ವಾಲ್ವೂ ತೆರೆಯುತ್ತದೆ. T ಆಕಾರದ ಜೋಡಣೆ ಹಾಕಿ, ಸಣ್ಣ ಹೋಸ್ ಕೂರುವ ಮೇಲಿನ ನಿಪ್ಪಲ್‌ಗೂ ಅದೇ ಒತ್ತಡ ಕೊಡಿ. ರಸ್ತೆಯಲ್ಲಾದರೆ ಎಂಜಿನ್ ಕಂಪ್ಯೂಟರಿನ ಲಾಗ್ ನೋಡಿ: ಕೇಳಿದ ಬೂಸ್ಟ್ ಬರದೆ ವೇಸ್ಟ್‌ಗೇಟ್ ಡ್ಯೂಟಿ (ಬೂಸ್ಟ್ ಏರಿಸಲು ಕಂಪ್ಯೂಟರ್ ಕೊಡುವ ಆದೇಶದ ಪ್ರಮಾಣ) ಮೊದಲಿಗಿಂತ ಏರಿದ್ದರೆ ಎಲ್ಲೋ ಸೋರುತ್ತಿದೆ.

ಅದಕ್ಕೂ ಸ್ಪ್ರಿಂಗೇ ಕಾರಣವೆಂದುಕೊಳ್ಳುವ ಮುನ್ನ ಹರಿದ ಡಯಾಫ್ರಾಮ್, ಸವೆದ ಓ-ರಿಂಗ್, ಒಣಗಿ ಅಂಟಿಕೊಂಡ ಪಿಸ್ಟನ್ ನೋಡಿ. ಸಿಗ್ನಲ್ ಹೋಸ್ (ಮ್ಯಾನಿಫೋಲ್ಡಿನಿಂದ ಬರುವ ಆ ಸಣ್ಣ ಹೋಸ್) ಗಿಡ್ಡದಿರಲಿ, ಬೇರೆ ಯಾವುದಕ್ಕೂ ಕವಲೊಡೆಯದಿರಲಿ. ತೆಳು ಸಿಲಿಕಾನ್ ಹೋಸ್ ವ್ಯಾಕ್ಯೂಮಿಗೆ ಚಪ್ಪಟೆಯಾದರೆ, ಎಷ್ಟೇ ಮೃದು ಸ್ಪ್ರಿಂಗ್ ಹಾಕಿದರೂ ವಾಲ್ವ್ ತಡವಾಗಿಯೇ ತೆರೆಯುತ್ತದೆ.