ಹುಣಸೆ ಬೀಜ ಮತ್ತು ಮೊದಲ ಬೆಂಚಿನ ಹುಡುಗ

ಪ್ರತಿ ಮಗುವಿಗೂ ಎರಡು ಹುಣಸೆ ಬೀಜ. ಒಮ್ಮೆ ಮಾತಾಡಿದರೆ ಒಂದು ಬೀಜ ಡಬ್ಬಿಗೆ. ಬೀಜ ಮುಗಿದವರು ಬಾಯಿ ಮುಚ್ಚಿಕೊಂಡಿರಬೇಕು. ಕ್ಲಾಸಿನಲ್ಲಿ ಎಲ್ಲರಿಗೂ ಮಾತಾಡುವ ಅವಕಾಶ ಸಿಗಲಿ ಅಂತ ಶಿಕ್ಷಕರ ತರಬೇತಿಯಲ್ಲಿ ಹೇಳಿಕೊಟ್ಟ ಉಪಾಯ ಇದು. ಅಲ್ಲಿ ಮೇಷ್ಟ್ರುಗಳೇ ಕೂತು ಆಡಿದಾಗ ಬಹಳ ಚೆನ್ನಾಗಿ ನಡೆದಿತ್ತು. ತರಬೇತಿಯಲ್ಲಿ ಯಾವುದು ತಾನೇ ನಡೆಯುವುದಿಲ್ಲ ಹೇಳಿ!

ನಮ್ಮ ಒಂಬತ್ತನೇ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದಾನೆ. ಪ್ರಶ್ನೆ ಪೂರ್ತಿ ಆಗುವ ಮೊದಲೇ ಎದ್ದು ನಿಲ್ಲುತ್ತಾನೆ. ತರಲೆ ಅಲ್ಲ, ಜಾಣ. ಹೇಳುವುದೆಲ್ಲ ಸರಿ ಇರುತ್ತದೆ. ತೊಂದರೆ ಇರುವುದೇ ಅಲ್ಲಿ. ಅವನು ಸರಿ ಉತ್ತರ ಹೇಳಿದ ಮೇಲೆ ಉಳಿದವರು ಯೋಚನೆ ಮಾಡುವುದಾದರೂ ಯಾಕೆ?

ಬೀಜ ಹಂಚಿದ ದಿನವೇ ವಿಷಯ ಪರಿವೀಕ್ಷಕರು ಬಂದರು. ಪಾಠ ಯೋಜನೆ ತೆಗೆದುಕೊಂಡು ಹಿಂದಿನ ಬೆಂಚಿನಲ್ಲಿ ಕೂತರು. ಹೊಸ ವಿಧಾನ ತೋರಿಸೋಣ ಅಂತ ನನಗೆ ಒಳಗೊಳಗೇ ಹುರುಪು. "ಕಬ್ಬಿಣದ ಮೊಳೆ ಮುಳುಗುತ್ತೆ, ಹಡಗು ಯಾಕೆ ತೇಲುತ್ತೆ?" ಅಂತ ಕೇಳಿದೆ.

"ಆರ್ಕಿಮಿಡೀಸ್ ತತ್ವ ಸಾರ್!" ಠಣ್, ಒಂದು ಬೀಜ. "ನೀರು ಮೇಲಕ್ಕೆ ತಳ್ಳುತ್ತೆ ಸಾರ್!" ಎರಡನೇದು. ಸರಿ, ಇನ್ನು ಅವನ ಕಥೆ ಮುಗಿಯಿತು ಅಂದುಕೊಂಡೆ. ಮತ್ತೆ ಠಣ್. ಮತ್ತೆ ಠಣ್. ನಾನು ಬೋರ್ಡ್ ಕಡೆ ತಿರುಗಿದಾಗಲೆಲ್ಲ ಡೆಸ್ಕಿನ ಕೆಳಗೆ ಬೀಜ ಮುಂದಕ್ಕೆ ಸಾಗುತ್ತಿತ್ತು. ಹಿಂದೆ ಕೂತಿದ್ದ ಪರಿವೀಕ್ಷಕರಿಗೆ ಅದು ನನಗಿಂತ ಮೊದಲೇ ಕಂಡಿತ್ತು.

"ಯಾಕಮ್ಮ ಕೊಟ್ಟೆ?" ಅಂತ ಒಬ್ಬ ಹುಡುಗಿಯನ್ನು ಕೇಳಿದರು.

"ನನಗೆ ಬೇಡ ಸಾರ್. ಅವನಿಗಾದ್ರೂ ಉಪಯೋಗ ಆಗ್ಲಿ ಅಂತ."

ಕ್ಲಾಸೆಲ್ಲ ನಕ್ಕಿತು. ನನಗೆ ಸಿಟ್ಟು ಬಂತು. "ನೀನು ಸುಮ್ನೆ ಕೂತ್ಕೋ, ಬೇರೆಯವರು ಹೇಳ್ಲಿ" ಅಂತ ಹುಡುಗನಿಗೆ ಗದರಿದೆ. ಅವನು ಕೂತ. ಬೇರೆ ಯಾರೂ ಹೇಳಲಿಲ್ಲ. ಫ್ಯಾನ್ ಕಿರ್ ಅನ್ನುತ್ತಿತ್ತು, ಪರಿವೀಕ್ಷಕರು ಏನೋ ಬರೆಯುತ್ತಿದ್ದರು. ಎಲ್ಲರೂ ಡಬ್ಬಿಯನ್ನೇ ನೋಡುತ್ತಿದ್ದರು. ಕೊನೆಗೆ ನಾನೇ ಉತ್ತರ ಹೇಳಿ ಪಾಠ ಮುಗಿಸಿದೆ. ಆಮೇಲೆ ಎಷ್ಟೋ ದಿನ ಆ ಹುಡುಗ ಕೈ ಎತ್ತಲೇ ಇಲ್ಲ. ಅವನು ಸುಮ್ಮನಾದರೆ ಉಳಿದವರು ಮಾತಾಡುತ್ತಾರೆ ಅನ್ನುವುದು ನನ್ನ ಭ್ರಮೆ. ಬೀಜ ಅವನ ಬಾಯಿಗೆ ಬೀಗ ಹಾಕಬಹುದು, ಬೇರೆಯವರಿಗೆ ಹೇಳಲು ಏನನ್ನೂ ಕೊಡುವುದಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಅವನಿಂದ ನನಗೆ ಅನುಕೂಲವೇ ಆಗಿತ್ತು. ಅವನು ಉತ್ತರ ಹೇಳಿದರೆ ಪೋರ್ಷನ್ ಓಡುತ್ತದೆ, ಕ್ಲಾಸಿಗೆಲ್ಲ ಅರ್ಥವಾಗಿದೆ ಅಂತ ನಂಬಿಕೊಳ್ಳಬಹುದು. ಎಫ್‌ಎ, ಅಂದರೆ ನಡುನಡುವೆ ಬರುವ ಕಿರು ಪರೀಕ್ಷೆಯ ಪೇಪರ್ ತಿದ್ದುವಾಗಷ್ಟೇ ನಿಜ ಗೊತ್ತಾಗುವುದು.

ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸುಮಾರು ಒಂದೇ ಸೆಕೆಂಡ್ ಕಾಯುತ್ತಾರೆ ಅಂತ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. 3 ಸೆಕೆಂಡ್ ಕಾದರೂ ಸಾಕು, ಉತ್ತರ ಉದ್ದವಾಗುತ್ತದೆ, ಹಿಂದುಳಿದವರೂ ಬಾಯಿ ಬಿಡುತ್ತಾರೆ ಅಂತ. ಆದರೆ ನಮ್ಮ ಹುಡುಗನಿಗೆ ಆ 3 ಸೆಕೆಂಡೇ ಜಾಸ್ತಿ! ಅದಕ್ಕೆ ಈಗ ನಮ್ಮ ಕ್ಲಾಸಿನಲ್ಲಿ ಯಾರೂ ಕೈ ಎತ್ತುವ ಹಾಗೇ ಇಲ್ಲ. ಮೊದಲು ಎಲ್ಲರೂ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯಬೇಕು. ನಾನು ಬೆಂಚುಗಳ ನಡುವೆ ಓಡಾಡಿ ಓದಿ, ಯಾವುದನ್ನು ಮೊದಲು ಓದಿಸಬೇಕು ಅಂತ ಗುರುತು ಮಾಡಿಕೊಳ್ಳುತ್ತೇನೆ.

ಅದೇ ಹಡಗಿನ ಪ್ರಶ್ನೆಗೆ, ಬೀಜ ದಾನ ಮಾಡಿದ ಹುಡುಗಿ ಬರೆದಿದ್ದಳು: "ಪಾತ್ರೆ ತೊಳೆಯುವಾಗ ತಟ್ಟೆ ಮೆಲ್ಲಗೆ ಇಟ್ಟರೆ ತೇಲುತ್ತದೆ, ವಾರೆಯಾದರೆ ಮುಳುಗುತ್ತದೆ." ಓದಿಸಿದೆ. ಆರ್ಕಿಮಿಡೀಸ್ ಹುಡುಗ ತಲೆ ಕೆರೆದುಕೊಂಡ. "ತೂಕ ಅದೇ ಅಲ್ವಾ ಸಾರ್, ಮತ್ತೆ ಯಾಕೆ?" ನೀರು ಒಳಗೆ ನುಗ್ಗಿದರೆ ತಟ್ಟೆ ಪಕ್ಕಕ್ಕೆ ಸರಿಸುವ ನೀರು ಕಡಿಮೆಯಾಗುತ್ತದೆ, ನೀರು ಮೇಲಕ್ಕೆ ತಳ್ಳುವುದೂ ಕಡಿಮೆಯಾಗುತ್ತದೆ ಅನ್ನುವಲ್ಲಿಗೆ ಮಾತು ಬರುವ ಹೊತ್ತಿಗೆ ಬೆಲ್ ಹೊಡೆಯಿತು.

ಪರಿವೀಕ್ಷಕರ ಷರಾ ಆಮೇಲೆ ಬಂತು: "ಚಟುವಟಿಕೆ ಉತ್ತಮ. ಎಲ್ಲ ವಿದ್ಯಾರ್ಥಿಗಳು ಭಾಗವಹಿಸುವಂತೆ ಕ್ರಮ ವಹಿಸುವುದು." ಕ್ರಮ ವಹಿಸಿದ್ದಕ್ಕೆ ಈಗ ಪೋರ್ಷನ್ ಹಿಂದೆ ಬಿದ್ದಿದೆ, ಹೆಡ್‌ಮಾಸ್ಟರ್ ದಿನಾ ವಿಚಾರಿಸುತ್ತಾರೆ. ಎಸ್‌ಎ, ಅಂದರೆ ದೊಡ್ಡ ಪರೀಕ್ಷೆ ಹತ್ತಿರ ಬಂದಾಗ ನಾನೂ ಮೊದಲ ಬೆಂಚಿನ ಕಡೆಗೇ ನೋಡುತ್ತೇನೇನೋ.