ಗುಡ್ಡದ ಲಿಂಕ್: ನಾನು ಬರೆದದ್ದು 46, ರೇಡಿಯೋ ಓದಿದ್ದು 5

ಅಮ್ಮನ ಫೋನ್ ಕಾಲ್ ತುಂಡು ತುಂಡಾಗಿ ಕೇಳುವುದು ಕೊನೆಗೂ ನಿಂತಿದೆ. ಹನ್ನೊಂದು ದಿನ ತಲೆ ತಿಂದ ಸಮಸ್ಯೆ. ತಪ್ಪು ಯಾರದ್ದು ಅಂತ ಆಮೇಲೆ ಹೇಳುತ್ತೇನೆ, ಮರ್ಯಾದೆ ಪ್ರಶ್ನೆ.

ತೀರ್ಥಹಳ್ಳಿ ಕಡೆ ನಮ್ಮ ಮನೆ ಇರುವುದು ತಗ್ಗಿನಲ್ಲಿ. ಮೊಬೈಲ್ ಸಿಗ್ನಲ್ ಸೊನ್ನೆ. ಗುಡ್ಡದ ಮೇಲೆ 4ಜಿ ರೂಟರ್, ಅಲ್ಲಿಂದ ಮನೆಗೆ 1.2 ಕಿ.ಮೀ. 5.8 ಗಿಗಾಹರ್ಟ್ಸ್ ಬ್ರಿಡ್ಜ್ (ಎರಡು ಡಿಶ್ ನಡುವಿನ ವೈಫೈ ಕೊಂಡಿ), ಮನೆಯಲ್ಲಿ ವೈಫೈ ಕಾಲಿಂಗ್, ಅಂದರೆ ವೈಫೈ ಮೂಲಕವೇ ಫೋನ್ ಮಾತು. ಕಂಬ ನೆಟ್ಟು ಡಿಶ್‌ಗಳನ್ನು ಎದುರುಬದುರು ಗುರಿ ಹಿಡಿಸಿದ ಕಥೆ ಈಗ ಬೇಡ. ಕೇಬಲ್ ಬಗ್ಗೆ ಮಾತ್ರ ಬೈಯಲೇಬೇಕು. ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಅಂಗಡಿಯಿಂದ 'ಪ್ಯೂರ್ ಕಾಪರ್' ಅಂತ ತರಿಸಿದ ಕ್ಯಾಟ್6 ನೆಟ್‌ವರ್ಕ್ ಕೇಬಲ್ ರೋಲ್ ಎತ್ತಿದಾಗಲೇ ಹಗುರ ಅನಿಸಿತು. ಬ್ಲೇಡಿನಲ್ಲಿ ಕೆರೆದರೆ ಒಳಗೆ ಬೆಳ್ಳಗೆ ಅಲ್ಯೂಮಿನಿಯಂ! ಫೋನ್ ಮಾಡಿದರೆ, 'ಸರ್, ಎಲ್ಲರೂ ಇದನ್ನೇ ಒಯ್ತಾರೆ.'

ಸರಿ, ಕಥೆಗೆ ಬರೋಣ. ಗುಡ್ಡದ ರೂಟರ್‌ನಲ್ಲಿ ಕೇಕ್ ಹಾಕಿದ್ದೆ, ಪ್ಯಾಕೆಟ್‌ಗಳ (ಡೇಟಾ ತುಣುಕುಗಳ) ಸಾಲು ಬೆಳೆಯದಂತೆ ನೋಡಿಕೊಳ್ಳುವ ತಂತ್ರಾಂಶ ಅದು. 4ಜಿ ವೇಗ ಗಂಟೆಗೊಂದು ಥರ ಆಡುವುದರಿಂದ ಜೊತೆಗೆ ಅದಕ್ಕೆ ತಕ್ಕಂತೆ ಕೇಕ್‌ನ ಮಿತಿ ಬದಲಿಸುವ ಆಟೋರೇಟ್ ಸ್ಕ್ರಿಪ್ಟ್. ಬಿಸಿಲಿನ ದಿನ ಎಲ್ಲ ಚೆನ್ನ. ಮಳೆ ಹಿಡಿದರೆ ಅಮ್ಮನ ಮಾತು ಅರ್ಧಂಬರ್ಧ. ಪಿಂಗ್ (ಪ್ಯಾಕೆಟ್ ಹೋಗಿ ಬರುವ ಸಮಯ) ನೋಡಿದರೆ ಗುಡ್ಡದಿಂದ ಆಚೆಗೆ ಆರಾಮ, ಮನೆಯಿಂದ ಗುಡ್ಡಕ್ಕೇ 700 ಮಿಲಿಸೆಕೆಂಡ್. ಅಂದರೆ ಇಕ್ಕಟ್ಟು 4ಜಿಯಲ್ಲಿ ಅಲ್ಲ, ಬ್ರಿಡ್ಜ್‌ನಲ್ಲಿತ್ತು. ದಾರಿಯಲ್ಲಿ ಒಂದು ಹಲಸಿನ ಮರವಿದೆ. ಎಲೆ ಒದ್ದೆಯಾದರೆ ಸಿಗ್ನಲ್ -62ರಿಂದ -80 ಡಿಬಿಎಂಗೆ ಇಳಿಯುತ್ತದೆ, ಬ್ರಿಡ್ಜ್‌ನ ರೇಡಿಯೋ ತೀರಾ ಕಡಿಮೆ ವೇಗಕ್ಕೆ ಕೂರುತ್ತದೆ. ಇಲ್ಲಿ ಸಾಲು ಬೆಳೆದರೆ ಗುಡ್ಡದ ಮೇಲಿನ ಕೇಕ್ ಏನು ಮಾಡೀತು, ಪಾಪ. ಕೊಂಬೆ ಕಡಿಯೋಣ ಅಂದೆ. 'ಕಾಯಿ ಇದೆ, ಮುಟ್ಟಬೇಡ' ಅಂದರು ಅಮ್ಮ.

ಆದರೂ ಒಗಟು ಉಳಿಯಿತು. ಕಾಲ್ ಪ್ಯಾಕೆಟ್‌ಗಳಿಗೆ (ಇವು ಯುಡಿಪಿ ಪೋರ್ಟ್ 4500ರಲ್ಲಿ ಹೋಗುತ್ತವೆ) ನಾನು 'ಮೊದಲು ಬಿಡಿ' ಎನ್ನುವ ಇಎಫ್, ಅಂದರೆ 46, ಎಂಬ ಡಿಎಸ್‌ಸಿಪಿ ಗುರುತು ಹಾಕಿದ್ದೆ. ಬ್ರಿಡ್ಜ್‌ನಲ್ಲಿ ಡಬ್ಲ್ಯೂಎಂಎಂ (ಗುರುತು ನೋಡಿ ಮಾತು, ವಿಡಿಯೋಗಳಿಗೆ ಬೇರೆ ಬೇರೆ ಸಾಲು ಮಾಡುವ ವೈಫೈ ವ್ಯವಸ್ಥೆ) ಆನ್. ಟಿಸಿಪಿಡಂಪ್‌ನಲ್ಲಿ (ಪ್ಯಾಕೆಟ್ ಇಣುಕಿ ನೋಡುವ ಸಾಧನ) ಗುರುತು ಸರಿಯಾಗಿ ಕಾಣುತ್ತದೆ. ಮತ್ತೆ ಯಾಕೆ ತಡ?

   

ಕೊನೆಗೆ ಕ್ಯಾಲೆಂಡರ್ ಹಿಂದೆ ಪೆನ್ಸಿಲ್ ಹಿಡಿದು ಬರೆದೆ. 46 ಅಂದರೆ ಬೈನರಿಯಲ್ಲಿ 101110. ಹೆಚ್ಚಿನ ವೈಫೈ ಡಬ್ಬಿಗಳು ಇದರ ಮೊದಲ ಮೂರು ಬಿಟ್ ಮಾತ್ರ ಓದುತ್ತವೆ: 101, ಅಂದರೆ 5. ಡಬ್ಲ್ಯೂಎಂಎಂನಲ್ಲಿ 6, 7 ಮಾತಿನ ಸಾಲು. 4, 5 ವಿಡಿಯೋ ಸಾಲು. ಅಮ್ಮನ ಮಾತು ಇಷ್ಟು ದಿನ ನಿಂತದ್ದು ವಿಡಿಯೋ ಸಾಲಿನಲ್ಲಿ! ಇದೇನು ಹೊಸ ವಿಷಯವಲ್ಲ, 2018ರ ಆರ್‌ಎಫ್‌ಸಿ 8325ರಲ್ಲಿ (ಇಂಟರ್ನೆಟ್ ತಂತ್ರಜ್ಞಾನದ ದಾಖಲೆ) ಇಎಫ್ ಅನ್ನು 6ಕ್ಕೆ ಹಾಕಿ ಅಂತ ಬರೆದೇ ಇದ್ದಾರೆ. ನಾನು ಓದಿರಲಿಲ್ಲ, ನನ್ನ ರೇಡಿಯೋನೂ ಓದಿಲ್ಲ.

ಆ ಸಾಲಿನಲ್ಲಿ ಇನ್ಯಾರಿದ್ದಾರೆ? ಚಿರತೆ ಭಯಕ್ಕೆ ಹಾಕಿದ ಗೇಟು ಮತ್ತು ಕೊಟ್ಟಿಗೆ ಕ್ಯಾಮೆರಾ, ತಲಾ 2 ಎಂಬಿಪಿಎಸ್. ಸೆಟ್ಟಿಂಗ್ ತೆರೆದರೆ ಡಿಎಸ್‌ಸಿಪಿ 40, ಅಂದರೆ 101000. ಮತ್ತೆ ಅದೇ 5! ಆ 40 ಹಾಕಿದ ಪುಣ್ಯಾತ್ಮ ನಾನೇ, ಎರಡು ವರ್ಷದ ಹಿಂದೆ, 'ವಿಡಿಯೋ ಚೆನ್ನಾಗಿ ಬರಲಿ' ಅಂತ. ಕೇಕ್‌ನಲ್ಲೂ ಎರಡೂ ಒಂದೇ ವರ್ಗಕ್ಕೆ ಬೀಳುತ್ತಿದ್ದವು. ಆದರೆ ಅದು ಒಂದೊಂದು ಹರಿವನ್ನೂ ಬೇರೆ ಬೇರೆ ಇಡುತ್ತದೆ, ಹಾಗಾಗಿ ಅಲ್ಲಿ ಗೊತ್ತೇ ಆಗಲಿಲ್ಲ. ಬ್ರಿಡ್ಜ್‌ನ ಫರ್ಮ್‌ವೇರ್‌ಗೆ ಆ ನಾಜೂಕು ಇಲ್ಲ, ಬಂದವರು ಬಂದ ಹಾಗೆ ನಿಲ್ಲಬೇಕು.

ಈಗ ಕಾಲ್‌ಗೆ 48 (110, ಅಂದರೆ 6), ಕ್ಯಾಮೆರಾಗೆ 0. ವಾಪಸ್ ಬರುವ ಪ್ಯಾಕೆಟ್‌ಗಳ ಗುರುತು ದಾರಿಯಲ್ಲೇ ಅಳಿಸಿಹೋಗಿರುತ್ತದೆ, ಹಾಗಾಗಿ ಗುಡ್ಡದ ರೂಟರ್‌ನಲ್ಲೂ ಸೋರ್ಸ್ ಪೋರ್ಟ್ 4500 ನೋಡಿ 48 ಹಾಕುವ ಒಂದು ಎನ್‌ಎಫ್‌ಟಿ (ಲಿನಕ್ಸ್ ಫೈರ್‌ವಾಲ್) ನಿಯಮ. 4ಜಿಯಿಂದ ಆಚೆಗೆ ನಮ್ಮ ಆಟ ನಡೆಯುವುದಿಲ್ಲ. ಟವರ್‌ನ ಸ್ವಂತ ವೋಲ್ಟಿ (4ಜಿ ಮೇಲಿನ ಫೋನ್) ಕಾಲ್‌ಗೆ ಕ್ಯೂಸಿಐ (ಟವರ್ ಕೊಡುವ ಸೇವಾ ದರ್ಜೆ) 1, ನಮ್ಮ ಡೇಟಾ ಸಾಮಾನ್ಯವಾಗಿ 9ರ ಸಾಲಿನಲ್ಲಿ, ನೀವು ಏನೇ ಗುರುತು ಹಾಕಿ.

ನಿನ್ನೆ ಜಡಿಮಳೆಯಲ್ಲಿ ಅಮ್ಮ ಅಕ್ಕನ ಜೊತೆ 50 ನಿಮಿಷ ಮಾತಾಡಿದರು. ಅಷ್ಟರಲ್ಲಿ ಬೆಂಗಳೂರಿಂದ ಅಣ್ಣನ ಮೆಸೇಜ್: 'ಕೊಟ್ಟಿಗೆ ಕ್ಯಾಮೆರಾ ಯಾಕೋ ನಿಂತು ನಿಂತು ಬರ್ತಿದೆ, ಏನು ಮಾಡಿದೆ ನೀನು?'