ಭೂಗೋಳ ಓದಿದ್ರ ರೊಕ್ಕ ಬರ್ತದೇನ್ರೀ ಅಕ್ಕೋರೆ?

ಪಿಯುಸಿ ಫಲಿತಾಂಶ ಬಂದ ವಾರದಿಂದಲೇ ಭೂಗೋಳ ಕಲಿಸುವ ನನ್ನ ಸಿಂಧನೂರಿನ ಮನೆಗೆ ಜನ ಬರತೊಡಗುತ್ತಾರೆ. ಹೆಚ್ಚಿನವರು ನೆಲ್ಲು, ಅಂದರೆ ಭತ್ತ ಬೆಳೆಯುವವರು, ಇಲ್ಲವೇ ಬೇರೆಯವರ ಗದ್ದೆಯಲ್ಲಿ ನೆಲ್ಲು ಹಚ್ಚಲು ಹೋಗುವ ತಾಯಂದಿರು. ಮಗನಿಗೋ ಮಗಳಿಗೋ ಬಿ.ಎ.ಯಲ್ಲಿ ಭೂಗೋಳ ಇರುವ ಕಾಂಬಿನೇಷನ್ ಸಿಕ್ಕಿರುತ್ತದೆ. ನೀರು ಕುಡಿದು, ಒಂದಿಷ್ಟು ಹೊತ್ತು ಮಳೆ-ಬೆಳೆ ಮಾತಾಡಿ, ಹೋಗುವಾಗ ಬಾಗಿಲ ಹತ್ತಿರ ನಿಂತು ಕೇಳುತ್ತಾರೆ: "ಅಕ್ಕೋರೆ, ಭೂಗೋಳ ಓದಿದ್ರ ರೊಕ್ಕ ಬರ್ತದೇನ್ರೀ?"

ಈ ಪ್ರಶ್ನೆ ಕೇಳಿದರೆ ಸಿಟ್ಟಾಗುವ ಮೇಷ್ಟ್ರುಗಳನ್ನು ನೋಡಿದ್ದೇನೆ. ವಿದ್ಯೆಯನ್ನು ರೊಕ್ಕದಿಂದ ಅಳೆಯಬಾರದು ಅನ್ನುತ್ತಾರೆ. ಕಿವಿಯ ಬೆಂಡೋಲೆ ಅಡವಿಟ್ಟು ಮಗಳನ್ನು ಓದಿಸುವ ತಾಯಿಗೆ ಆ ಉತ್ತರ ಕೊಡಲು ನನಗೆ ಬಾಯಿ ಬರುವುದಿಲ್ಲ. ಆಕೆ ಕೇಳುವುದು ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಇದು: ಬರೀ ಡಿಗ್ರಿಗೆ ಬರುವುದಿಲ್ಲ. ಆ ಮೂರು ವರ್ಷದೊಳಗೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವುದನ್ನು ಕಲಿತರೆ ಬರುತ್ತದೆ, ಆದರೆ ನಿಧಾನಕ್ಕೆ.

ನನ್ನ ಲೆಕ್ಕವನ್ನೇ ಹೇಳುತ್ತೇನೆ. ರಾಯಚೂರಿನಲ್ಲಿ ಬಿ.ಎ., ಧಾರವಾಡದಲ್ಲಿ ಎಂ.ಎ. ಮುಗಿಸಿದಾಗ 2014. ಕ್ಲಾಸಿಗೆ ಮೊದಲಿಗಳಾಗಿದ್ದೆ, ಕೈಯಲ್ಲಿ ಕೆಲಸವಿರಲಿಲ್ಲ. ನಾವು ಪ್ರಾಕ್ಟಿಕಲ್‌ನಲ್ಲಿ ಕಲಿತದ್ದು ಟ್ರೇಸಿಂಗ್ ಹಾಳೆಯ ಮೇಲೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತಿ ರೇಖೆ ಎಳೆಯುವುದು, ಸರಪಳಿ ಹಿಡಿದು ಕಾಲೇಜಿನ ಮೈದಾನ ಅಳೆಯುವುದು. ಅದು ಬೇಕಾದ ಕಲಿಕೆಯೇ, ಆದರೆ ಸಂಬಳ ಕೊಡುವವರು ಕೇಳಿದ್ದು ಜಿಐಎಸ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ವಿದ್ಯೆ. ಧಾರವಾಡದಲ್ಲಿ ಒಬ್ಬ ಸೀನಿಯರ್ ಅಕ್ಕ ಆರು ತಿಂಗಳು ಅದನ್ನು ಕಲಿಸಿದ್ದರಿಂದ ಹೈದರಾಬಾದಿನ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಉಪಗ್ರಹದ ಚಿತ್ರ ನೋಡುತ್ತ ರಸ್ತೆ, ಕೆರೆ, ಕಟ್ಟಡಗಳ ಗೆರೆ ಎಳೆಯುವ ಕೆಲಸ. ಸಂಬಳ 12,000 ರೂಪಾಯಿ. ಪಿಜಿಗೆ 5,000 ಹೋಗುತ್ತಿತ್ತು, ಮನೆಗೆ 4,000 ಕಳಿಸುತ್ತಿದ್ದೆ. ಪಕ್ಕದ ಕುರ್ಚಿಯ ಬಿ.ಟೆಕ್ ಹುಡುಗಿಗೆ ಅದೇ ಕೆಲಸಕ್ಕೆ 4,000 ಹೆಚ್ಚು. ಬಿ.ಎ. ಅನ್ನುವ ಎರಡು ಅಕ್ಷರಕ್ಕೆ ತೆತ್ತ ಬೆಲೆ ಅದು, ಮುಚ್ಚಿಡುವುದಿಲ್ಲ. ಎರಡನೇ ವರ್ಷ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತು, ನಾಲ್ಕು ದಿನದ ಗೆರೆ ಕೆಲಸವನ್ನು ಅರ್ಧ ದಿನಕ್ಕೆ ಇಳಿಸಿದ ಮೇಲೆ ಯಾರೂ ನನ್ನ ಡಿಗ್ರಿ ಯಾವುದೆಂದು ಕೇಳಲಿಲ್ಲ. ನಾಲ್ಕನೇ ವರ್ಷ 31,000 ಬರುತ್ತಿತ್ತು. ಅಪ್ಪನ ಆರೋಗ್ಯ ಕೆಟ್ಟು ವಾಪಸ್ ಬಂದೆ. ಈಗ ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ, ಜೊತೆಗೆ ಮನೆಯಿಂದಲೇ ನಕ್ಷೆ ಕೆಲಸ. ಬೇಸಿಗೆಯಲ್ಲಿ ಕಾಲೇಜಿನ ಸಂಬಳ ನಿಂತಾಗ ಮನೆ ನಡೆಸುವುದು ಆ ನಕ್ಷೆಗಳೇ.

ನಮ್ಮ ಕಡೆಯವರಿಗೆ ಬೆಂಗಳೂರೇ ಕಣ್ಣಿಗೆ ಬೀಳುತ್ತದೆ. ರಾಯಚೂರಿನಿಂದ ಹೈದರಾಬಾದ್ ಅದರ ಅರ್ಧದಷ್ಟು ದೂರ. ಉಪಗ್ರಹದ ಚಿತ್ರಗಳ ಕೆಲಸ ಮಾಡುವ ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಇರುವುದೂ ಅಲ್ಲೇ. ನಕ್ಷೆಯ ಕೆಲಸ ಹುಡುಕುವವರು ಮೊದಲು ಅತ್ತ ನೋಡಲಿ ಅನ್ನುತ್ತೇನೆ. 2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ನಕ್ಷೆ ತಯಾರಿಕೆಯ ನಿಯಮ ಸಡಿಲಿಸಿತು. ಅದಕ್ಕೂ ಮೊದಲು ಮುಂಚಿತ ಅನುಮತಿಯಿಲ್ಲದೆ ಮಾಡಲಾಗದಿದ್ದ ಎಷ್ಟೋ ಸರ್ವೆ ಕೆಲಸ ಈಗ ನಮ್ಮ ದೇಶದ ಕಂಪನಿಗಳಿಗೆ ತೆರೆದಿದೆ.

ಸರ್ಕಾರಿ ನೌಕರಿಯ ಮಾತು ಬೇರೆ. ಎಫ್‌ಡಿಎ, ಪಿಡಿಒ, ಬ್ಯಾಂಕು, ಎಲ್ಲಕ್ಕೂ ಯಾವುದಾದರೂ ಡಿಗ್ರಿ ಸಾಕು. ಭೂಗೋಳಕ್ಕೆ ಅಲ್ಲಿ ವಿಶೇಷ ತೂಕವಿಲ್ಲ. ಶಿಕ್ಷಕರಾಗಲು ಬಿ.ಎಡ್. ಬೇಕು, ಎಂಟನೇ ಕ್ಲಾಸಿನವರೆಗೆ ಕಲಿಸಲು ಟಿಇಟಿ ಎಂಬ ಅರ್ಹತಾ ಪರೀಕ್ಷೆಯೂ ಪಾಸಾಗಬೇಕು. ಡಿಗ್ರಿ ಕಾಲೇಜಿಗೆ ಎಂ.ಎ. ಮೇಲೆ ನೆಟ್ ಅಥವಾ ಕೆಸೆಟ್ ಅರ್ಹತಾ ಪರೀಕ್ಷೆ. ನೇಮಕಾತಿ ಎಷ್ಟೋ ವರ್ಷಕ್ಕೊಮ್ಮೆ ಬರುತ್ತದೆ, ಕಾಯುವಾಗ ವಯಸ್ಸು ಕಾಯುವುದಿಲ್ಲ. ನಮ್ಮ ಕಲ್ಯಾಣ ಕರ್ನಾಟಕದವರಿಗೆ ಒಂದು ಆಸರೆ ಇದೆ: ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371ಜೆ ವಿಧಿ. ಅದರಡಿ ನಮ್ಮ ಜಿಲ್ಲೆಗಳ ಸಿ ಗುಂಪಿನ ಹುದ್ದೆಗಳಲ್ಲಿ ನೂರಕ್ಕೆ 80 ಸ್ಥಳೀಯರಿಗೆ ಮೀಸಲು. ಸಹಾಯಕ ಆಯುಕ್ತರ ಕಚೇರಿಯಿಂದ ಸ್ಥಳೀಯರು ಎಂಬ ಪ್ರಮಾಣಪತ್ರವನ್ನು ಡಿಗ್ರಿ ಓದುವಾಗಲೇ ಮಾಡಿಸಿಡಿ. ಅರ್ಜಿಯ ಕೊನೆ ದಿನ ಅದಕ್ಕಾಗಿ ಓಡಾಡಿ ಅವಕಾಶ ಕಳೆದುಕೊಂಡ ಹುಡುಗರು ನನ್ನ ಕ್ಲಾಸಿನಲ್ಲೇ ಇದ್ದಾರೆ. ಐಎಎಸ್ ಕನಸಿನವರೂ ಬರುತ್ತಾರೆ. ಮುಖ್ಯ ಪರೀಕ್ಷೆಯ 1750 ಅಂಕಗಳಲ್ಲಿ 500 ಐಚ್ಛಿಕ ವಿಷಯದ್ದು, ಭೂಗೋಳವನ್ನು ಅಲ್ಲಿ ಆರಿಸಿಕೊಳ್ಳಬಹುದು, ಸಾಮಾನ್ಯ ಅಧ್ಯಯನಕ್ಕೂ ನೆರವಾಗುತ್ತದೆ. ಆದರೆ ಅದೊಂದನ್ನೇ ನಂಬಿ ಮೂರು ವರ್ಷ ಕಳೆಯಬೇಡಿ.

ಇನ್ನು ನನ್ನ ಮನಸ್ಸಿಗೆ ಹತ್ತಿರವಾದ ಮಾತು.

ಮುನಿರಾಬಾದಿನಲ್ಲಿ ಹೊರಡುವ ತುಂಗಭದ್ರಾ ಎಡದಂಡೆ ಕಾಲುವೆ 227 ಕಿಲೋಮೀಟರ್ ಹರಿದು ರಾಯಚೂರಿನ ಕಡೆ ಮುಗಿಯುತ್ತದೆ. ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೆಂದು ಹಾಕಿದ ಯೋಜನೆ. ಮೇಲ್ಭಾಗದಲ್ಲಿ ನೆಲ್ಲು ಹರಡಿತು, ಕೊನೆ ಭಾಗದ ಮಾನ್ವಿ, ಸಿರವಾರ, ರಾಯಚೂರಿನ ರೈತರು ನೀರಿಗಾಗಿ ರಸ್ತೆಗಿಳಿಯುವುದು ಮಾಮೂಲಾಯಿತು. ನನ್ನ ತವರೂ ಕೊನೆ ಭಾಗದ್ದೇ. ರಾತ್ರಿ ಟಾರ್ಚ್ ಹಿಡಿದು ಅಪ್ಪ ತೂಬಿನ ಹತ್ತಿರ ಕಾಯುತ್ತಿದ್ದುದನ್ನು ನೋಡುತ್ತ ಬೆಳೆದೆ. ನೀರು ಎಲ್ಲಿ ಹೋಗುತ್ತದೆಂದು ಎಲ್ಲರಿಗೂ ಗೊತ್ತಿತ್ತು, ತೋರಿಸಲು ಯಾರ ಕೈಯಲ್ಲೂ ಏನೂ ಇರಲಿಲ್ಲ.

ಈಗ ಇದೆ. ಸೆಂಟಿನೆಲ್-2 ಎಂಬ ಯುರೋಪಿನ ಉಪಗ್ರಹಗಳ ಚಿತ್ರ ಯಾರಿಗಾದರೂ ಪುಕ್ಕಟೆ ಸಿಗುತ್ತದೆ. ಐದು ದಿನಕ್ಕೊಮ್ಮೆ ಬರುವ ಆ ಚಿತ್ರದಲ್ಲಿ ಹತ್ತು ಮೀಟರ್ ಅಗಲದ ನೆಲ ಒಂದು ಚುಕ್ಕೆಯಾಗಿ ಕಾಣುತ್ತದೆ. ಕೆಸರು ಮಾಡಿ ನೀರು ಕಟ್ಟಿದ ಗದ್ದೆ ಮೊದಲು ಕಪ್ಪಗೆ ತೋರುತ್ತದೆ. ಪೈರು ಬೆಳೆದಂತೆ, ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಹೆಚ್ಚು ಹಿಂದಕ್ಕೆ ಹೊಮ್ಮಿಸಿ, ಆ ಬೆಳಕಿಗೆ ಕೆಂಪು ಬಣ್ಣ ಕೊಟ್ಟ ಚಿತ್ರದಲ್ಲಿ ಕೆಂಪಗಾಗುತ್ತದೆ. ಹೋದ ವರ್ಷ ನನ್ನ ಐದು ಜನ ವಿದ್ಯಾರ್ಥಿಗಳು ಮುಂಗಾರು ಪೂರ್ತಿ ಒಂದು ವಿತರಣಾ ಕಾಲುವೆಯ ಉದ್ದಕ್ಕೂ ಇದನ್ನು ಗುರುತಿಸಿದರು. ಯಾವ ತೂಬಿನ ಕೆಳಗೆ ನಾಟಿ ಯಾವ ವಾರ ಆಯಿತು, ಎಲ್ಲಿಂದಾಚೆ ಆಗಲೇ ಇಲ್ಲ, ಎಲ್ಲಾ ಒಂದು ಹಾಳೆಯಲ್ಲಿ. ಆ ನಕ್ಷೆಯನ್ನು ಅಪ್ಪನ ಮುಂದೆ ಹರಡಿದೆ. ಅವರು ಕನ್ನಡಕ ಹಾಕಿಕೊಂಡು ಬೆರಳಿನಿಂದ ಕಾಲುವೆಯ ಗೆರೆ ಹಿಡಿದು ಬಂದು, ನಮ್ಮ ಹೊಲದ ಹತ್ತಿರ ಬೆರಳು ನಿಲ್ಲಿಸಿ, ಬಹಳ ಹೊತ್ತು ಸುಮ್ಮನಿದ್ದರು.

ಇಂಥ ನಕ್ಷೆಗೆ ರೊಕ್ಕ ಕೊಡುವವರಿದ್ದಾರೆ. ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿದೆ. ಆ ಲೆಕ್ಕ ಬರುವುದು ನೀರಿನ ತಳ ಅಳೆಯುವ ಸರ್ವೆಯಿಂದ. ಅತಿಯಾದ ನೀರಿನಿಂದ ಉಪ್ಪು ಮೇಲೆದ್ದು ಸವಳಾದ ಹೊಲಗಳನ್ನು ಗುರುತಿಸಬೇಕು. ಹಳ್ಳಿಯ ಮನೆಗಳಿಗೆ ಆಸ್ತಿ ಪತ್ರ ಕೊಡುವ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ತೆಗೆದ ಚಿತ್ರದ ಮೇಲೆ ಹಳ್ಳಿಯ ಮನೆಮನೆಯ ಗಡಿ ಗುರುತಿಸಬೇಕು. ಫಸಲ್ ಬಿಮಾ ಬೆಳೆ ವಿಮೆಯಲ್ಲಿ 2023ರಿಂದ ಭತ್ತದ ಇಳುವರಿಯ ಅಂದಾಜಿಗೆ ಉಪಗ್ರಹದ ಮಾಹಿತಿಯೂ ಸೇರಿದೆ. ಡ್ರೋನ್ ಹಾರಿಸಲು ಹತ್ತನೇ ಕ್ಲಾಸ್ ಮತ್ತು ತರಬೇತಿ ಸಾಕು. ಅದು ತಂದ ಚಿತ್ರದಲ್ಲಿ ಸವಳು ಯಾವುದು, ಕಲ್ಲುನೆಲ ಯಾವುದು, ಹಳ್ಳ ಯಾಕೆ ಅಲ್ಲಿ ತಿರುಗಿದೆ ಎಂದು ಓದಲು ಭೂಗೋಳ ಗೊತ್ತಿರಬೇಕು. ನಮ್ಮ ಮಕ್ಕಳಿಗೆ ಆ ನೆಲವೂ ಗೊತ್ತು.

ಕಲಿಯುವ ಖರ್ಚು ದೊಡ್ಡದಲ್ಲ. ನಕ್ಷೆ ಮಾಡುವ ಕ್ಯೂಜಿಐಎಸ್ ಸಾಫ್ಟ್‌ವೇರ್ ಪುಕ್ಕಟೆ. ಡೆಹ್ರಾಡೂನಿನ ಭಾರತೀಯ ದೂರಸಂವೇದಿ ಸಂಸ್ಥೆ ಆನ್‌ಲೈನ್ ಕೋರ್ಸುಗಳನ್ನು ಶುಲ್ಕವಿಲ್ಲದೆ ನಡೆಸುತ್ತದೆ. ಹಳೆಯದಾದರೂ ಸರಿ, ಒಂದು ಲ್ಯಾಪ್‌ಟಾಪ್ ಬೇಕೇ ಬೇಕು. ಇಂಗ್ಲಿಷ್ ಭಯ ಬಿಡಬೇಕು. ಇವೆರಡೇ ನಮ್ಮ ಮಕ್ಕಳನ್ನು ತಡೆಯುವುದು.

ಯಾರಿಗೆ ಬೇಡ ಅನ್ನುತ್ತೇನೆ? ಮೂರು ವರ್ಷದೊಳಗೆ ಮನೆಗೆ ಸಂಬಳ ಬರಲೇಬೇಕು ಅನ್ನುವ ಪರಿಸ್ಥಿತಿ ಇದ್ದವರಿಗೆ. ಅಂಥವರಿಗೆ ಐಟಿಐ, ಡಿಪ್ಲೊಮಾ ಲೇಸು; ಶಕ್ತಿನಗರದ ವಿದ್ಯುತ್ ಸ್ಥಾವರ, ಹಟ್ಟಿಯ ಚಿನ್ನದ ಗಣಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ನಮ್ಮ ಹತ್ತಿರವೇ ಇವೆ. ಭೂಗೋಳದಲ್ಲಿ ಕಾಲೂರಲು ಡಿಗ್ರಿ ಸೇರಿ ಏಳೆಂಟು ವರ್ಷ ಬೇಕು. ನನಗೆ ಅಷ್ಟೇ ಹಿಡಿಯಿತು.

ಮೊನ್ನೆ ಮಸ್ಕಿ ಕಡೆಯ ಒಬ್ಬ ತಾಯಿ ಇದೆಲ್ಲ ಕೇಳಿ, "ನಮ್ಮ ಹುಡುಗಿ ದಡ್ಡಿ ಅಲ್ಲ, ಆದ್ರ ಮೊಬೈಲ್ ಬಿಟ್ರ ಏನೂ ಇಲ್ರೀ ಅಕ್ಕೋರೆ" ಅಂದರು. ಮೊಬೈಲ್‌ನಲ್ಲಿ ಹೊಲದ ಸರ್ವೆ ನಂಬರ್ ನಕ್ಷೆಯಲ್ಲಿ ತೋರಿಸುವ ದಿಶಾಂಕ್ ಆ್ಯಪ್ ಹಾಕಿಸಿ, ಊರಿನ ಐದು ಸರ್ವೆ ನಂಬರ್ ಹುಡುಕಿ, ಆ ಹೊಲಗಳಿಗೆ ನಡೆದುಹೋಗಿ ಈಗ ಏನು ಬೆಳೆ ಇದೆ ಎಂದು ಬರೆದುಕೊಂಡು ಬರಲು ಹೇಳಿದೆ. ಭಾನುವಾರ ಹುಡುಗಿ ಬಂದಳು. ಐದರ ಬದಲು ಹದಿನೇಳು ಬರೆದುಕೊಂಡು ಬಂದಿದ್ದಳು.